ಮುಳ್ಳು ಏಳದ ಕಾರು

ನಮ್ಮ ಕಾರು ಮನೆಯೊಳಗೇ ಮಲಗುತ್ತಿತ್ತು. ಹೀಗೆಂದರೆ ಈಗಿನ ಹುಡುಗರು ನಗುತ್ತಾರೆ. ನಗಲಿ ಬಿಡಿ, ಅವರ ಕಾರುಗಳು ಬೀದಿಯಲ್ಲಿ ನಿಂತು ಬಿಸಿಲು ಕಾಯಿಸುತ್ತಿರುತ್ತವೆ. ಕಾಮಗೆರೆಯ ನಮ್ಮ ಮನೆಯಲ್ಲಿ ಎತ್ತಿಗೂ ಮನುಷ್ಯರಿಗೂ ಒಂದೇ ಸೂರು. ಎಡಕ್ಕೆ ಕೊಟ್ಟಿಗೆ, ಬಲಕ್ಕೆ ನಾವು ಉಂಡು ಮಲಗುವ ಪಡಸಾಲೆ, ನಡುವೆ ಮೊಣಕಾಲೆತ್ತರದ ಒಂದು ಕಟ್ಟೆ. ಅಪ್ಪ ಜಮೀನಿನ ಜೊತೆಗೆ ರೇಷ್ಮೆಗೂಡಿನ ವ್ಯಾಪಾರವನ್ನೂ ಹಿಡಿದು ಕೊಳ್ಳೇಗಾಲಕ್ಕೆ ಓಡಾಡತೊಡಗಿದ ಮೇಲೆ ಎತ್ತುಗಳನ್ನು ಚಿಕ್ಕಪ್ಪನ ಮನೆಗೆ ಕಳಿಸಿ, ಬೀದಿ ಕಡೆಯ ಗೋಡೆ ಒಡೆಸಿ, ಎರಡು ರೆಕ್ಕೆಯ ದೊಡ್ಡ ಬಾಗಿಲಿಡಿಸಿ, ಯಾರೋ ಡಾಕ್ಟರು ಓಡಿಸಿ ಸಾಕುಮಾಡಿಕೊಂಡಿದ್ದ ಬಿಳಿ ಕಾರೊಂದನ್ನು ತಂದು ಆ ಜಾಗದಲ್ಲಿ ನಿಲ್ಲಿಸಿದ. ಎತ್ತು ಮೇಯುತ್ತಿದ್ದ ಗೋದಲಿಯನ್ನು ಮಾತ್ರ ಅಜ್ಜಿ ಕೀಳಿಸಲು ಬಿಡಲಿಲ್ಲ. ಹಾಗಾಗಿ ಕಾರು ಗೋದಲಿಗೆ ಮೂತಿ ಇಟ್ಟುಕೊಂಡೇ ನಿಲ್ಲುತ್ತಿತ್ತು. ಅಜ್ಜಿ ಎಂದರೆ ಅಪ್ಪನ ತಾಯಿ. ದಿನಾ ಬೆಳಿಗ್ಗೆ ಮಿಂದು ಬಂದು ಎತ್ತಿನ ಹಣೆಗೆ ಇಡುತ್ತಿದ್ದ ವಿಭೂತಿಯನ್ನು ಅವಳು ಈಗ ಬಾನೆಟ್ಟಿಗೆ ಇಡುತ್ತಿದ್ದಳು. ಪಾಪ, ಬಾಯಿಲ್ಲದ ಪ್ರಾಣಿ ಎನ್ನುತ್ತಿದ್ದಳು. ಯಾರೂ ಅವಳನ್ನು ತಿದ್ದುತ್ತಿರಲಿಲ್ಲ.

ಆ ಕಾರು ಓಡಿದಾಗ ನೋಡಿದ್ದಕ್ಕಿಂತ ನಿಂತಿದ್ದಾಗಲೇ ನಾನು ಹೆಚ್ಚು ಊರು ನೋಡಿದೆ. ಶಾಲೆಯಿಂದ ಬಂದವಳೇ ಹಿಂದಿನ ಸೀಟಿಗೆ ನುಗ್ಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಒಳಗೆ ರೆಕ್ಸಿನ್ನಿನ ವಾಸನೆ, ಪೆಟ್ರೋಲಿನ ವಾಸನೆ, ಅದರಡಿಗೆ ಎಷ್ಟು ತೊಳೆದರೂ ಹೋಗದ ಹಳೆಯ ಗಂಜಲದ ವಾಸನೆ. ಮಾಡಿನಲ್ಲಿದ್ದ ಒಂದೇ ಗಾಜಿನ ಹೆಂಚಿನಿಂದ ಬಿಸಿಲು ಕೋಲಾಗಿ ಇಳಿದು ಬಾನೆಟ್ಟಿನ ಮೇಲೆ ಕೂರುತ್ತಿತ್ತು. ಹೊತ್ತು ಇಳಿದಂತೆ ಅದು ಮೆಲ್ಲಗೆ ಜರುಗಿ ಗಾಜು ದಾಟಿ ಸ್ಟೇರಿಂಗಿನ ಮೇಲೆ ಬರುತ್ತಿತ್ತು. ಅದನ್ನೇ ನೋಡುತ್ತ ನೋಡುತ್ತ ಕಾರು ಹೊರಟೇಬಿಟ್ಟಿತು ಅನ್ನಿಸುತ್ತಿತ್ತು. ಕಂಬ ಸರಿಯುತ್ತಿತ್ತು, ಅಟ್ಟದಿಂದ ಇಳಿಬಿಟ್ಟ ಈರುಳ್ಳಿ ಗೊಂಚಲು ಸರಿಯುತ್ತಿತ್ತು, ಅಜ್ಜಿ ಕೂತ ಒರಳುಕಲ್ಲೂ ಸರಿಯುತ್ತಿತ್ತು. ನಾನು ಯಳಂದೂರು ದಾಟಿ, ಬೆಟ್ಟದ ಕಾಡು ಹೊಕ್ಕು, ಯಾವ ನಕ್ಷೆಯಲ್ಲೂ ಇಲ್ಲದ ಊರುಗಳಿಗೆ ಹೋಗಿಬರುತ್ತಿದ್ದೆ. ಅವ್ವ ಕಟ್ಟೆಯ ಆಚೆಯಿಂದ ತಟ್ಟೆ ಹಿಡಿದು ಕೂಗುತ್ತಿದ್ದಳು.

"ಎಲ್ಲಿಗೋಗಿದ್ದವ್ವಾ ಇವತ್ತು? ಇಳಿ ಕೆಳೀಕೆ, ಮುದ್ದೆ ಆರೋಯ್ತದೆ."

"ರಂಗಪ್ಪನ ಬೆಟ್ಟಕ್ಕೆ ಕಣವ್ವ."

"ಸರಿ ಸರಿ, ಕೈ ತೊಳ್ಕ. ಬೆಟ್ಟದ ಧೂಳೆಲ್ಲ ನಿನ್ ಕೈಲೇ ಅದೆ."

ಕಾರಿನ ಮೀಟರು ಈಗಿನ ಹಾಗೆ ಓಡಿಸುವವನ ಎದುರಿಗೆ ಇರಲಿಲ್ಲ. ಮುಂದೆ ಕೂತ ಇಬ್ಬರಿಗೂ ಕಾಣುವಂತೆ ನಟ್ಟನಡುವೆ ಇತ್ತು. ಅಂಗೈಯಗಲದ ಗುಂಡು ಗಾಜು, ಒಳಗೆ ಬಿಳಿ ಅಂಕಿಗಳು, ಕೆಂಪು ಮುಳ್ಳು, ಮುಳ್ಳಿನ ಕೆಳಗೆ ಒಂದು ಸಣ್ಣ ಕಿಟಕಿಯಲ್ಲಿ ಓಡಿದ ದೂರ ತೋರಿಸುತ್ತ ಉರುಳುವ ಅಂಕಿಗಳು. ಅಪ್ಪನ ಪಕ್ಕದ ಸೀಟು ಅವ್ವನದು. ಅವಳು ರಸ್ತೆ ನೋಡಿದ್ದನ್ನು ನಾನು ಕಂಡಿಲ್ಲ. ಕಾರು ಹೊರಟಲ್ಲಿಂದ ನಿಲ್ಲುವ ತನಕ ಅವಳ ಕಣ್ಣು ಮುಳ್ಳಿನ ಮೇಲೆಯೇ. ಮೂವತ್ತರ ಅಂಕಿ ಇದ್ದ ಕಡೆ, ಗಾಜಿನ ಮೇಲೆ, ತನ್ನ ಹಣೆಯದೇ ಒಂದು ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದಳು. ಮುಳ್ಳು ಬೊಟ್ಟು ದಾಟಕೂಡದು, ಅಷ್ಟೆ. ದಾಟುವ ಹಾಗೆ ಕಂಡರೆ "ಬೊಟ್ಟು!" ಎಂದು ಒಂದೇ ಮಾತು ಹೇಳುತ್ತಿದ್ದಳು, ಅಪ್ಪನ ಕಾಲು ತಾನಾಗಿ ಸಡಿಲಗೊಳ್ಳುತ್ತಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರಿನವರು ಹಾರನ್ ಹೊಡೆದುಕೊಂಡು ನಮ್ಮನ್ನು ಹಿಂದಿಟ್ಟು ಹೋಗುವಾಗ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಒಮ್ಮೆ ಅವ್ವ, ಈ ಮುಳ್ಳಿಗೆ ಕಾರಿನ ಓಟ ಗೊತ್ತಾಗುವುದು ಹೇಗೆ ಎಂದು ಕೇಳಿದ್ದಳು. ಅಪ್ಪನಿಗೆ ಅದೆಷ್ಟು ಖುಷಿಯಾಯಿತೋ, ಅವಳನ್ನು ಕೊಟ್ಟಿಗೆಯಲ್ಲಿ ಬಗ್ಗಿಸಿ ಕೂರಿಸಿ ತೋರಿಸಿದ. ಗೇರ್‌ಬಾಕ್ಸಿನಿಂದ ಹೊರಟ ಒಂದು ಕರೀ ಕೇಬಲ್ ಮೇಲಕ್ಕೆ ಬಂದು ಮೀಟರಿನ ಬೆನ್ನಿಗೆ ಸೇರುತ್ತದೆ, ಅದರೊಳಗೆ ಒಂದು ತಂತಿ ಇದೆ, ಚಕ್ರ ತಿರುಗಿದಷ್ಟೂ ತಂತಿ ತಿರುಗುತ್ತದೆ, ತಂತಿ ತಿರುಗಿದಷ್ಟೂ ಮುಳ್ಳು ಏಳುತ್ತದೆ. ಅವ್ವ ಆ ಕೇಬಲ್ಲನ್ನು ಬೆರಳಿನಿಂದ ಸವರಿ ನೋಡಿದಳು. ಅಡುಗೆಮನೆಗೆ ಹೋಗುತ್ತಾ, ಹಾಗಾದರೆ ನಿಜ ಹೇಳುವುದು ಇದೇ ಎಂದು ತನ್ನಷ್ಟಕ್ಕೆ ಅಂದುಕೊಂಡಳು.

ನನ್ನ ಅಕ್ಕ ಗೌರಿಗೂ ನನಗೂ ವಯಸ್ಸಿನ ಅಂತರ ಜಾಸ್ತಿ. ನಾನಿನ್ನೂ ಲಂಗದ ದಾರ ಕಟ್ಟಿಕೊಳ್ಳಲು ಬಾರದವಳಿದ್ದಾಗ ಅವಳನ್ನು ಬಂಡಳ್ಳಿಗೆ ಕೊಟ್ಟರು. ನಾನು ಈಗ ಹೇಳುತ್ತಿರುವ ವರ್ಷ ಅವಳು ಬಸುರಿ. ಸುದ್ದಿ ಬಂದ ದಿನ ಅವ್ವ ಕುಣಿದಾಡಲಿಲ್ಲ, ಸ್ನಾನ ಮಾಡಿ ಬಂದು ಅರಿಶಿನದ ಬಟ್ಟೆಯಲ್ಲಿ ಒಂದು ಕಾಸು ಸುತ್ತಿ ನಮ್ಮ ಬೆಟ್ಟದ ದೇವರು ಮಾದಪ್ಪನಿಗೆ ಮುಡಿಪು ಕಟ್ಟಿದಳು. ಹೆರಿಗೆ ಸುಸೂತ್ರವಾದ ಮೇಲೆ ಮಗಳು ಮೊಮ್ಮಗುವಿನ ಜೊತೆ ಬೆಟ್ಟ ಹತ್ತಿ, ಅಲ್ಲಿಯೇ ಗಂಟು ಬಿಚ್ಚಿ ಒಪ್ಪಿಸಬೇಕು. ಅಲ್ಲಿಯವರೆಗೆ ಆ ಗಂಟನ್ನು ಯಾರೂ ಬಿಚ್ಚುವ ಹಾಗಿಲ್ಲ. ಏಳನೇ ತಿಂಗಳಿಗೇ ಅಕ್ಕನನ್ನು ತವರಿಗೆ ಕರೆತರಬೇಕಿತ್ತು. ಕಡಲೆಕಾಯಿ ಕೀಳುವ ಕೆಲಸ ಅಂತ ಒಂದು ಸಲ, ಅವಳ ಅತ್ತೆಗೆ ಜ್ವರ ಅಂತ ಒಂದು ಸಲ, ಮುಂದಕ್ಕೆ ಹೋಯಿತು. ಕೊನೆಗೆ ಅತ್ತೆಯ ಕಡೆಯಿಂದ ಮಾತು ಬಂತು: ಅಮಾವಾಸ್ಯೆ ಒಳಗೆ ಕರೆದುಕೊಂಡು ಹೋದರೆ ಸರಿ, ಇಲ್ಲದಿದ್ದರೆ ತುಂಬಿದ ಬಸುರಿಯನ್ನು ಹೊಸಿಲು ದಾಟಿಸುವುದಿಲ್ಲ, ಹೆರಿಗೆ ಇಲ್ಲೇ ಆಗಲಿ. ನಮ್ಮೂರಿನಲ್ಲಾದರೆ ಆಸ್ಪತ್ರೆ ಇತ್ತು, ಅವ್ವ ಇದ್ದಳು. ಅಲ್ಲಿ ಆಗ ಒಬ್ಬಳು ಸೂಲಗಿತ್ತಿ, ಅವಳಿಗೂ ಕಣ್ಣು ಮಂಜು. ಹಿಂದಿನ ಸಲ ನಾವು ಹೋಗಿದ್ದಾಗ ಅಕ್ಕ ನನ್ನ ಕೈ ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋಗಿದ್ದಳು.

"ಅವ್ವಂಗೆ ಬೇಗ ಬರಾಕೇಳು ಕಣೆ. ನಂಗಿಲ್ಲಿ ದಿಗಿಲಾಯ್ತದೆ."

ಮುಳ್ಳು ನಿಂತದ್ದು ಇಂಥ ಹೊತ್ತಿನಲ್ಲಿ, ಅಮಾವಾಸ್ಯೆಗೆ ಇನ್ನು ಒಂದೇ ವಾರ ಇರುವಾಗ. ಅದಕ್ಕೂ ಮೊದಲೇ ಅದು ಸರಿಯಾಗಿರಲಿಲ್ಲ ಅನ್ನಿ. ಕೆಲವು ದಿನಗಳಿಂದ ಮುಳ್ಳು ಒಂದು ಕಡೆ ನಿಲ್ಲದೆ ನಡುಗುತ್ತಿತ್ತು, ಒಳಗಿನಿಂದ ಕಿರ್ರ್ ಎಂದು ಸಣ್ಣಗೆ ಸದ್ದು ಬರುತ್ತಿತ್ತು. ಜೀರುಂಡೆ ಸೇರಿಕೊಂಡಿದೆ ಎಂದು ಅಜ್ಜಿ ಅಂದಳು. ನಿನಗೆ ಹೆದರಿಕೊಂಡು ನಡುಗುತ್ತಿದೆ ಎಂದು ಅಪ್ಪ ಅವ್ವನನ್ನು ಕಿಚಾಯಿಸಿದ. ಸಂತೆಗೆಂದು ಕೊಳ್ಳೇಗಾಲಕ್ಕೆ ಹೊರಟಿದ್ದೆವು. ಊರು ದಾಟಿ ಹುಣಸೇಮರದ ಸಾಲು ಬರುವಷ್ಟರಲ್ಲಿ ಮುಳ್ಳು ಒಮ್ಮೆ ಎದ್ದು, ಅದುರಿ, ಪಟಕ್ಕನೆ ಸೊನ್ನೆಗೆ ಬಿದ್ದು ಮಲಗಿತು.

"ನಿಲ್ಸಿ!" ಎಂದಳು ಅವ್ವ.

ಅಪ್ಪ ಬ್ರೇಕ್ ಒತ್ತಿದ. "ಯಾಕೆ, ಏನಾಯ್ತು?"

"ನಿಂತೋಗದೆ."

"ನಿಂತಿರದು ಮುಳ್ಳು ಕಣೆ, ಕಾರಲ್ಲ. ಕಾರು ಚೆಂದಾಗೇ ಓಡ್ತಾ ಅದಲ್ಲ!"

"ಎಷ್ಟೋಡ್ತಾ ಅದೆ ಅಂತ ಯಾರ್ ಏಳದು?"

ಅಷ್ಟು ಹೇಳಿ ಬಾಗಿಲು ತೆಗೆದು ಇಳಿದೇಬಿಟ್ಟಳು. ಸಂತೆಯ ಚೀಲವನ್ನು ಬಗಲಿಗೆ ಹಾಕಿಕೊಂಡು, ಸೆರಗು ತಲೆ ಮೇಲೆಳೆದುಕೊಂಡು, ಊರ ಕಡೆಗೆ ನಡೆದಳು. ಅಪ್ಪ ಕಾರು ತಿರುಗಿಸಿ ಅವಳ ಪಕ್ಕಪಕ್ಕದಲ್ಲೇ ಮೆಲ್ಲಗೆ ಬಿಟ್ಟುಕೊಂಡು, ಹತ್ತೇ ಮಾರಾಯ್ತಿ, ಜನ ನೋಡ್ತಾರೆ ಎಂದು ಗೋಗರೆಯುತ್ತ ಬಂದ. ಅವಳು ಹತ್ತಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ತಲೆ ಕಾಣದ ಹಾಗೆ ಬಗ್ಗಿ ಕೂತಿದ್ದೆ.

ಮಾರನೆಯ ದಿನ ಹನೂರಿನಿಂದ ಮೆಕ್ಯಾನಿಕ್ ಮುರುಗೇಶ ಬಂದ. ಅರ್ಧ ತಮಿಳು ಅರ್ಧ ಕನ್ನಡದ, ಬಾಯಿ ನಿಲ್ಲದ ಮನುಷ್ಯ. ಗಾಜಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದ, ಕಿವಿ ಇಟ್ಟ, ನಾಡಿ ನೋಡುವ ಪಂಡಿತರ ಹಾಗೆ ಕಣ್ಣು ಮುಚ್ಚಿದ.

"ಮೀಟ್ರು ಸೆತ್ತುಪ್ಪೋಚ್ಚು ಸಾ. ಸತ್ತೋಗದೆ."

"ಬರೀ ಮುಳ್ಳಲ್ಲ ಕಣೋ, ಕಿಟಕಿಲಿರೋ ಅಂಕಿನೂ ಉರುಳ್ತಿಲ್ಲ. ಎರಡೂ ಒಟ್ಟಿಗೆ ಎಂಗ್ ಕೆಟ್ಟೋದ್ವು?"

"ಎರಡೂ ಒಂದೇ ಮನೆಲಿರವು ಸಾ. ಮನೆ ಬಿದ್ರೆ ಗಂಡನೂ ಓದ, ಎಂಡ್ರೂ ಓದ್ಲು."

ಅಪ್ಪನಿಗೆ ಈ ತರ್ಕ ಹಿಡಿಸಲಿಲ್ಲ. ಆದರೂ ಮುರುಗೇಶ ತನ್ನ ಗ್ಯಾರೇಜಿನ ಹಿಂದೆ ತುಕ್ಕು ಹಿಡಿಯುತ್ತಿದ್ದ ಒಂದು ಕಾರಿನಿಂದ ಕಳಚಿ ತಂದಿದ್ದ ಬೇರೊಂದು ಮೀಟರನ್ನು ಕೂರಿಸಿದ. ಅಪ್ಪ ಊರ ಮುಂದಿನ ತನಕ ಹೋಗಿ ಬಂದ. ಆ ಮುಳ್ಳೂ ಏಳಲಿಲ್ಲ. ಇದೂ ಸತ್ತಿರಬೇಕು ಸಾ ಎಂದು ಮುರುಗೇಶ ತಲೆ ಕೆರೆದುಕೊಂಡ. ಅವನಿಗೆ ಅವತ್ತು ಅಂದಿಯೂರಿನ ಅತ್ತೆ ಮನೆಗೆ ಹೋಗುವ ಅವಸರ, ಬರುವುದು ಅಮಾವಾಸ್ಯೆ ಕಳೆದ ಮೇಲೆ. ಹಳೇ ಮೀಟರನ್ನೇ ಮತ್ತೆ ಕೂರಿಸಿ ಹೋಗು ಎಂದು ಅವ್ವ ಪಟ್ಟು ಹಿಡಿದಳು, ಅದರಲ್ಲಿ ಬೊಟ್ಟು ಇತ್ತಲ್ಲ. ಅವನು ಕೂರಿಸಿ ಬಸ್ಸು ಹತ್ತಿದ.

ಅವತ್ತು ಮಧ್ಯಾಹ್ನದ ಊಟಕ್ಕೆ ಉಪ್ಸಾರು, ಮುದ್ದೆ. ಅಪ್ಪ ಕಟ್ಟೆಯ ಮೇಲೆ ಕೂತು ಉಣ್ಣುತ್ತ, ಮುಳ್ಳು ಇಲ್ಲದಿದ್ದರೂ ಶುಕ್ರವಾರ ಹೋಗಿ ಗೌರಿಯನ್ನು ಕರೆದುಕೊಂಡು ಬಂದುಬಿಡೋಣ ಎಂದ. ಅವ್ವ ಸೌಟು ಕೆಳಗಿಟ್ಟಳು.

"ತುಂಬ್ದ ಬಸುರಿನ ಈ ಕಾರಲ್ಲಿ ನಾನು ಕೂರ್ಸಲ್ಲ."

"ಮತ್ತೆ ಬಸ್ಸಲ್ಲಿ ತಂದೀಯಾ? ಬಸ್ಸಿನೋನು ನಿನ್ ಬೊಟ್ಟು ನೋಡ್ಕಂಡು ಓಡ್ಸಾನಾ? ಗಾಡಿ ಕಟ್ಸಾನ ಅಂದ್ರೆ ಆ ಕುಲುಕು ತಡೆದಾಳಾ? ಅಮಾಸೆ ಕಳುದ್ರೆ ಅವ್ರು ಕಳ್ಸಲ್ಲ. ಆಮೇಕ್ ಬಾಯಿ ಬಾಯಿ ಬಡ್ಕತೀಯ."

"ಮುಳ್ಳು ಸರಿ ಮಾಡ್ಸಿ. ಇವತ್ತೇ ಬತ್ತೀನಿ."

"ಮುಳ್ಳು ಮುಳ್ಳು ಮುಳ್ಳು! ಮುಳ್ಳಾ ಕಾರ್ ಓಡ್ಸದು? ಓಡ್ಸೋನು ನಾನಲ್ವಾ?"

ಅವ್ವ ಅಪ್ಪನ ಮುಖವನ್ನೇ ನೋಡಿದಳು. ದನಿ ಏರಿಸಲಿಲ್ಲ.

"ಅವತ್ತೂ ಓಡ್ಸಿದ್ದು ನೀವೇ."

ಅಪ್ಪ ತುತ್ತು ಬಾಯಿಗಿಡಲಿಲ್ಲ. ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದ. ಅವ್ವ ಒಲೆಯ ಮುಂದೆ ಕೂತಳು. ಮನೆಯಲ್ಲಿ ಜಗಳ ನನಗೆ ಹೊಸದಲ್ಲ, ಆದರೆ ಜಗಳ ಹೀಗೆ ಅರ್ಧಕ್ಕೆ ಸದ್ದಡಗಿದ್ದು ಹೊಸದು. ಹೆದರಿಕೆಯಾಗಿ ಹಿತ್ತಿಲಿಗೆ ಓಡಿದೆ. ಅಜ್ಜಿ ಅಲ್ಲಿ ರಾಗಿ ಕೇರುತ್ತಿದ್ದಳು. ಅವತ್ತು ಅಂದರೆ ಯಾವತ್ತು ಎಂದು ಕೇಳಿದೆ. ಅವಳು ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಒಳಗೆ ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದು ನೋಡಿಕೊಂಡು ಹೇಳಿದಳು.

ಗೌರಿಗೂ ನನಗೂ ನಡುವೆ ಇನ್ನೊಂದು ಕೂಸು ಬರಬೇಕಿತ್ತಂತೆ. ಅವ್ವನ ತವರು ಸತ್ತೇಗಾಲ. ಬಸುರಿಯಾಗಿ ಅಲ್ಲಿಗೆ ಹೋಗಿದ್ದ ಅವ್ವನನ್ನು ಕರೆತರಲು ಅಪ್ಪ ಯಾರದೋ ಜೀಪು ತೆಗೆದುಕೊಂಡು ಹೋದ. ಆಗಷ್ಟೇ ಓಡಿಸಲು ಕಲಿತ ಹುಮ್ಮಸ್ಸು, ಮೇಲೆ ಮಳೆ ಮೋಡ. ಗದ್ದೆ ಬಯಲಿನ ದಾರಿಯಲ್ಲಿ ಹಾರಿಸಿಕೊಂಡು ಬಂದನಂತೆ. ಮೆಲ್ಲಗೆ ಮೆಲ್ಲಗೆ ಎಂದು ಅವ್ವ ಅಂದಳು, ಅವನು ನಕ್ಕ. ಮನೆಗೆ ಬಂದ ಸಂಜೆಯೇ ಹೊಟ್ಟೆ ನೋವು ಶುರುವಾಯಿತು. ಕೂಸು ಉಳಿಯಲಿಲ್ಲ. ಗಂಡುಕೂಸು.

"ಜೀಪಿಂದ್ಲೇ ಓಯ್ತು ಅಂತ ಯಾರ್ ಏಳಕಾಯ್ತದೆ ಮೊಗ," ಎಂದಳು ಅಜ್ಜಿ. "ದೇವ್ರು ಕೊಟ್ಟ, ಕಿತ್ಕಂಡ. ಆದ್ರೆ ನಿಮ್ಮವ್ವ ಅವತ್ತಿಂದ ಅವ್ನ ಒಂದ್ ಮಾತು ಅಂದಿರ್ನಿಲ್ಲ. ಅದೇ ಅವ್ನಿಗೆ ದೊಡ್ಡ ಏಟು. ಇವತ್ ಅಂದ್ಬುಟ್ಲು."

ನಾನು ಅಲ್ಲೇ ಕೂತು ಮೊರದಿಂದ ಹಾರಿದ ಹೊಟ್ಟನ್ನು ನೋಡುತ್ತಿದ್ದೆ. ಅದು ಬಿಸಿಲಲ್ಲಿ ತೇಲಿಕೊಂಡು ಬೇಲಿಯ ತನಕ ಹೋಗುತ್ತಿತ್ತು. ಅಪ್ಪನ ಜೊತೆ ನಾನೊಬ್ಬಳೇ ಹನೂರಿಗೆ ಹೋದದ್ದೆಲ್ಲ ನೆನಪಾಯಿತು. ಅವ್ವ ಪಕ್ಕದಲ್ಲಿ ಇಲ್ಲದಿದ್ದರೂ, ಬೊಟ್ಟು ಎಂದು ಕೂಗುವವರು ಯಾರೂ ಇಲ್ಲದಿದ್ದರೂ, ರಸ್ತೆ ಖಾಲಿ ಇದ್ದರೂ ಅಪ್ಪನ ಮುಳ್ಳು ಒಂದು ದಿನವೂ ಬೊಟ್ಟು ದಾಟಿರಲಿಲ್ಲ. ಅಪ್ಪನ ಬಗ್ಗೆ ನನಗೆ ಎಂದೂ ಇಲ್ಲದಷ್ಟು ಸಂಕಟವಾಯಿತು. ಅವ್ವನ ಬಗ್ಗೆಯೂ ಆಯಿತು. ಇಬ್ಬರಲ್ಲಿ ಯಾರ ಹತ್ತಿರ ಹೋಗಿ ಕೂರಬೇಕೋ ತಿಳಿಯದೆ ಅಜ್ಜಿಯ ಹತ್ತಿರವೇ ಕೂತೆ.

ಮಾರನೆಯ ದಿನ ಅಪ್ಪ ಗೂಡಿನ ವ್ಯಾಪಾರಕ್ಕೆ ಹೋಗಲಿಲ್ಲ. ಹಳೇ ಪಂಚೆ ಉಟ್ಟು, ಗೋಣಿಚೀಲ ಹಾಸಿ, ಕಾರಿನ ಹಿಂದಿನ ಒಂದು ಚಕ್ರವನ್ನು ಜಾಕ್ ಕೊಟ್ಟು ಎತ್ತಿದ. ಎತ್ತಿಗೆ ಲಾಳ ಕಟ್ಟಲು ಕೆಡವಿದ ಹಾಗಾಯಿತಲ್ಲ ಎಂದು ಅಜ್ಜಿ ದೂರ ಹೋಗಿ ಕೂತಳು, ಅವಳಿಗೆ ಅದನ್ನು ನೋಡಲಾಗದು. ಅವ್ವ ಅಕ್ಕನಿಗೆಂದು ತಂಬಿಟ್ಟು ಮಾಡಲು ಪಕ್ಕದ ಮನೆಯ ದೊಡ್ಡ ಒರಳಿಗೆ ಹೋಗಿದ್ದಳು. ಬಂಡಳ್ಳಿಗೆ ಹೋಗುತ್ತೇವೋ ಇಲ್ಲವೋ ಗೊತ್ತಿಲ್ಲದೆಯೂ ತಂಬಿಟ್ಟು ಮಾಡುತ್ತಿದ್ದಳು. ಅಪ್ಪ ನನ್ನನ್ನು ಕರೆದ.

"ಬಾವ್ವ. ನಿನ್ ಕಣ್ಣು ಚುರುಕು. ಎರಡು ಮೀಟ್ರು ಒಟ್ಟಿಗೆ ಸಾಯಲ್ಲ. ಅಂದ್ಮೇಲೆ ಮೀಟ್ರದಲ್ಲ ತಪ್ಪು. ಓಟದ ಸುದ್ದಿನೇ ಅಲ್ಲಿಗೆ ಬತ್ತಿಲ್ಲ. ಎಲ್ಲಿ ನಿಂತದೆ ನೋಡಾನ."

ಮೀಟರಿನ ಬೆನ್ನಿನಿಂದ ಕೇಬಲ್ಲಿನ ತಿರುಪು ಬಿಚ್ಚಿ ಅದರ ತುದಿಯನ್ನು ನನ್ನ ಕೈಗೆ ಕೊಟ್ಟ. ಕರೀ ಕೊಳವೆಯ ಬಾಯಲ್ಲಿ ಒಳಗಿನ ತಂತಿಯ ಚೌಕನೆಯ ಮೂತಿ ಕಾಣುತ್ತಿತ್ತು. ಅಪ್ಪ ಗೇರನ್ನು ನ್ಯೂಟ್ರಲ್ಲಿಗೆ ಹಾಕಿ ಹಿಂದಕ್ಕೆ ಹೋಗಿ ಎತ್ತಿದ ಚಕ್ರವನ್ನು ಕೈಯಿಂದ ತಿರುಗಿಸಿದ. ತಿರುಗ್ತದಾ ಎಂದು ಕೂಗಿದ. ನಾನು ಉಸಿರು ಬಿಗಿಹಿಡಿದು ನೋಡಿದೆ. ಇಲ್ಲ ಕಣಪ್ಪ ಎಂದೆ. ಚಕ್ರ ತಿರುಗುವ ಮೆತ್ತನೆಯ ಸದ್ದು ಕೊಟ್ಟಿಗೆಯ ತುಂಬ ಇತ್ತು, ನನ್ನ ಕೈಯಲ್ಲಿದ್ದ ಮೂತಿ ಮಾತ್ರ ಅಲ್ಲಾಡಲಿಲ್ಲ. ಆಮೇಲೆ ಅಪ್ಪ ಕಾರಿನಡಿಗೆ ನುಸುಳಿ ಗೇರ್‌ಬಾಕ್ಸಿನ ಕಡೆಯ ತಿರುಪನ್ನೂ ಬಿಚ್ಚಿದ. ಈ ಸಲ ಚಕ್ರ ತಿರುಗಿಸಿದ್ದು ನಾನು, ನೋಡಿದ್ದು ಅವನು. ಸಾಕು ಬಿಡು, ಇಲ್ಲಿಂದ ಚೆಂದಾಗಿ ತಿರುಗ್ತಾ ಅದೆ ಎಂದ. ಹೊರಡುವ ಕಡೆ ಸುದ್ದಿ ಇದೆ, ಮುಟ್ಟುವ ಕಡೆ ಇಲ್ಲ. ಹಾಗಿದ್ದರೆ ನಡುವೆ ಕೇಬಲ್ಲೇ ಕೆಟ್ಟಿರಬೇಕು. ಎದ್ದು ಬಂದು ಮೇಲಿನ ತುದಿಯಿಂದ ಒಳಗಿನ ತಂತಿಯನ್ನು ಎಳೆದ. ಉದ್ದಕ್ಕೆ ಬರಬೇಕಾದದ್ದು ಗೇಣುದ್ದ ಬಂದು ಮುಗಿಯಿತು. ತುದಿ ಹರಿದು ಹುರಿ ಬಿಚ್ಚಿಕೊಂಡಿತ್ತು.

"ಇಲ್ಲೇ ಎಲ್ಲೋ ಮುರಿದದೆ," ಎಂದು ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ತಡವಿದ. ಬೆನ್ನಡಿ ಮಾಡಿ ಮಲಗಿ ಒಳಗೆ ನೋಡಿದ. ನಾನೂ ಪಕ್ಕದ ಸೀಟಿನ ಕಡೆಯಿಂದ ತಲೆ ತೂರಿಸಿ ನೋಡಿದೆ. ಕತ್ತಲಲ್ಲಿ ಅರಿಶಿನದ ಬಣ್ಣ ಕಂಡಿತು. ಅವ್ವನ ಮುಡಿಪು. ದೇವರ ಗೂಡಿನಲ್ಲಿ ಇದೆ ಎಂದು ನಾವೆಲ್ಲ ಅಂದುಕೊಂಡಿದ್ದ ಗಂಟನ್ನು ಅವಳು ಆ ಕರೀ ಕೇಬಲ್ಲಿಗೇ ಕಟ್ಟಿದ್ದಳು. ಜೋತಾಡಿ ಕಾಲಿಗೆ ಸಿಗಬಾರದೆಂದು ಕೇಬಲ್ಲನ್ನು ಮೇಲಕ್ಕೆಳೆದು ಕಬ್ಬಿಣದ ಪಟ್ಟಿಗೆ ಸೇರಿಸಿ ಬಿಗಿದಿದ್ದಳು, ಹೂವಿನ ದಾರ ಬಿಗಿಯುವವಳ ಕೈಯ ಬಿಗಿ. ನೆಟ್ಟಗೆ ಇರಬೇಕಾದ ಕೇಬಲ್ಲು ಆ ಗಂಟಿನಲ್ಲಿ ಮೊಣಕೈಯ ಹಾಗೆ ಮಡಿಸಿಕೊಂಡಿತ್ತು. ಒಳಗಿನ ತಂತಿ ಅಷ್ಟು ತಿಂಗಳು ಆ ಮಡಿಕೆಯಲ್ಲೇ ಉಜ್ಜಿ ಉಜ್ಜಿ ತಿರುಗಿ, ನಡುಗಿ, ಕಿರುಗುಟ್ಟಿ, ಕೊನೆಗೆ ಹರಿದಿತ್ತು. ಅವ್ವ ಲೋಕದಲ್ಲಿ ನಂಬಿದ್ದು ಆ ಮುಳ್ಳನ್ನು, ಅದಕ್ಕೇ ಮಗಳನ್ನು ಕಾಯುವ ದೇವರನ್ನು ಅದರ ಕೊರಳಿಗೇ ಕಟ್ಟಿದ್ದಳು.

"ಬಿಚ್ಚಿ ಹೊಸ ಕೇಬಲ್ ಆಕಿಸಾನ ಕಣಪ್ಪ," ಎಂದೆ.

"ಬಿಚ್ಚಂಗಿಲ್ಲ. ಬೆಟ್ಟಕ್ಕೋಗೇ ಬಿಚ್ಚಬೇಕು. ಇದ ಬಿಚ್ದಲೆ ಕೇಬಲ್ ಬರಲ್ಲ."

"ಅವ್ವಂಗೆ ಏಳದಾ?"

ಅಪ್ಪ ಎದ್ದು ಕೂತು ಕೈಗೆ ಮೆತ್ತಿದ ಗ್ರೀಸನ್ನು ಪಂಚೆಗೆ ಒರೆಸಿಕೊಂಡ.

"ಏನಂತ ಏಳನವ್ವಾ? ನಿನ್ ಅರಕೆನೇ ಮುಳ್ಳ ನಿಲ್ಲಿಸ್ತು ಅಂತ್ಲಾ? ಮಾದಪ್ಪನೇ ಬ್ಯಾಡ ಅಂದ ಅಂತ ತಿಳ್ಕತಾಳೆ. ಮಗಳ ಎರಿಗೆ ಆಗೋಗಂಟ ಒಂದ್ ಗುಟುಕು ನೀರೂ ಇಳಿಯಲ್ಲ ಅವ್ಳಿಗೆ. ನೀನು ಏನೂ ನೋಡಿಲ್ಲ, ತಿಳೀತಾ?"

ಬಿಚ್ಚಿದ್ದ ಎರಡೂ ತುದಿಗಳನ್ನು ಅಪ್ಪ ಮೊದಲಿನ ಹಾಗೇ ಸೇರಿಸಿ ತಿರುಪು ಬಿಗಿದ. ಗಂಟನ್ನು ಮುಟ್ಟಲಿಲ್ಲ. ಅವ್ವ ತಂಬಿಟ್ಟಿನ ಡಬ್ಬಿ ಹೊತ್ತು ಬಂದಾಗ ಕಟ್ಟೆಯ ಮೇಲೆ ಕೂತು, ಅವಳ ಮುಖ ನೋಡದೆ ಹೇಳಿದ. ಗೇರ್‌ಬಾಕ್ಸಿನ ಒಳಗೆ ಒಂದು ಹಲ್ಲು ಸವೆದಿದೆ, ತಾನೇ ಎಣ್ಣೆ ಸರಿಯಾಗಿ ಹಾಕಿಸದೆ ಹಾಳುಮಾಡಿದ್ದು, ಸಾಮಾನು ಮೈಸೂರಿನಿಂದ ಬರಬೇಕು, ಅಮಾವಾಸ್ಯೆ ಒಳಗೆ ಆಗುವ ಕೆಲಸವಲ್ಲ. ತಪ್ಪೆಲ್ಲ ತನ್ನದು ಎಂದ. ಇನ್ನು ನೀನು ಏನು ಹೇಳಿದರೆ ಅದು, ಬರಲ್ಲ ಅಂದರೆ ಬಂಡಳ್ಳಿಗೆ ಹಾಗೇ ಹೇಳಿಕಳಿಸುತ್ತೇನೆ ಎಂದ. ಅವ್ವ ಡಬ್ಬಿಯ ಮುಚ್ಚಳವನ್ನು ತೆಗೆದು, ಮುಚ್ಚಿ, ಮತ್ತೆ ತೆಗೆದು ನೋಡಿದಳು.

ಶುಕ್ರವಾರ ಬೆಳಿಗ್ಗೆ ನನಗೆ ಎಚ್ಚರವಾದಾಗ ಗಾಜಿನ ಹೆಂಚು ಆಗಷ್ಟೇ ಬೆಳ್ಳಗಾಗುತ್ತಿತ್ತು. ಕಾರಿನ ಬಾಗಿಲು ತೆರೆದಿತ್ತು. ಅವ್ವ ಮಿಂದ ತಲೆಗೆ ಬಟ್ಟೆ ಸುತ್ತಿಕೊಂಡು, ವಿಭೂತಿ ತಟ್ಟೆ ಪಕ್ಕದಲ್ಲಿಟ್ಟು, ಮುಡಿಪಿಗೆ ಕೈ ಮುಟ್ಟಿಸಲು ಬಗ್ಗಿದ್ದಳು. ಬಗ್ಗಿದವಳು ಎಷ್ಟು ಹೊತ್ತಾದರೂ ಏಳಲಿಲ್ಲ. ಅವಳ ಕೈ ಒಳಗೆ ಮೆಲ್ಲಗೆ ಆಡುತ್ತಿತ್ತು, ಕೇಬಲ್ಲನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ, ಗಂಟಿನ ಹತ್ತಿರ ನಿಂತು ನಿಂತು. ಅಪ್ಪ ಬಚ್ಚಲಿನಿಂದ ಬಂದವನು ಅದನ್ನು ನೋಡಿ, ಕೈಯಲ್ಲಿ ಚೊಂಬು ಹಿಡಿದು ಅಲ್ಲೇ ನಿಂತ. ಅವ್ವ ಎದ್ದು ಅವನ ಕಡೆ ತಿರುಗಿದಳು.

"ಅಲ್ಲು ಸವೆದದೆ ಅಂದ್ರಲ್ಲ."

"ಊಂ."

"ತಂತಿ ತಿರುಗ್ಬೇಕು ಅಂತ ನೀವೇ ಏಳ್ಕೊಟ್ಟಿದ್ರಿ. ಇಷ್ಟ್ ಮಡ್ಸಿದ್ರೆ ಎಂಗ್ ತಿರುಗಾದು? ನನ್ ಕೈಯಾರೆ ಮುರ್ದಿದ್ದೀನಿ." ಅವಳ ಕಣ್ಣು ತುಂಬಿತ್ತು. "ಸುಳ್ಳೇಳಕ್ ಬರ್ದೆ ಇದ್ಮೇಲೆ ಯಾಕ್ ಏಳ್ತೀರಿ?"

ಅಪ್ಪ ತಲೆ ತಗ್ಗಿಸಿದ. "ನೀನು ಎದುರ್ಕತೀಯ ಅಂತ."

"ಎದುರ್ಕೆ ಇದ್ದೇ ಅದೆ," ಎಂದಳು ಅವ್ವ. ಸೆರಗಿನಿಂದ ಮುಖ ಒರೆಸಿಕೊಂಡು ವಿಭೂತಿ ತಟ್ಟೆ ಎತ್ತಿಕೊಂಡಳು. "ಅಂಗಿ ಆಕಳಿ. ಒತ್ತಾಯ್ತು. ಗೌರಿ ಕಾಯ್ತಾ ಇರ್ತಳೆ."

ಹೋಗುವಾಗ ಅವ್ವ ತನ್ನ ಜಾಗದಲ್ಲೇ ಕೂತಳು. ಅಭ್ಯಾಸಬಲದಿಂದ ಕಣ್ಣು ಮೀಟರಿಗೆ ಹೋಗುತ್ತಿತ್ತು, ಅಲ್ಲಿ ಏನೂ ನಡೆಯುತ್ತಿರಲಿಲ್ಲ. ಕೊನೆಗೆ ಬೇರೆ ಏನೂ ತೋಚದೆ ತಲೆ ಎತ್ತಿ ರಸ್ತೆ ನೋಡಿದಳು. ಹನೂರು ದಾಟಿ ಸ್ವಲ್ಪ ದೂರ ಹೋದ ಮೇಲೆ "ಇಲ್ಲೊಂದು ಕೆರೆ ಇತ್ತಾ?" ಎಂದು ಆಶ್ಚರ್ಯದಿಂದ ಕೇಳಿದಳು. ಎಷ್ಟೋ ಸಲ ಓಡಾಡಿದ ದಾರಿ ಅದು. ಅಪ್ಪನಿಗೆ ನಗು ಬಂತು, ಆದರೆ ನಗಲಿಲ್ಲ, ಅವತ್ತಿನ ಜೀಪಿನ ನಗು ಅವನಿಗೆ ನೆನಪಿದ್ದಿರಬೇಕು. ಇತ್ತು ಕಣೆ, ನಾನು ಹುಟ್ಟುವ ಮೊದಲಿಂದ ಇತ್ತು ಎಂದು ಮೆತ್ತಗೆ ಹೇಳಿದ. ಆಮೇಲೆ ಅವಳು ಹೀಗೆ ಒಂದೊಂದನ್ನೇ ಕೇಳುತ್ತ ಹೋದಳು. ಆ ಬೆಟ್ಟ ಯಾವುದು, ಈ ಹಿಪ್ಪುನೇರಳೆ ತೋಟ ಯಾರದು, ಅಷ್ಟೊಂದು ನವಿಲು ಯಾಕೆ ಸೇರಿವೆ. ಅವನು ಒಂದೊಂದಕ್ಕೂ ಉತ್ತರ ಹೇಳುತ್ತಿದ್ದ. ಅವರಿಬ್ಬರು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಬಂಡಳ್ಳಿಯಲ್ಲಿ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನಮ್ಮನ್ನು ಕಂಡವಳೇ ಬಿಕ್ಕಿ ಬಿಕ್ಕಿ ಅತ್ತಳು. ಅವಳ ಅತ್ತೆ ಮಡಿಲಿಗೆ ಅಕ್ಕಿ, ಬೆಲ್ಲ, ಎಲೆ ಅಡಿಕೆ ತುಂಬಿ, ಇಷ್ಟು ತಡಮಾಡಿದಿರಲ್ಲ ಎಂದು ನಮ್ಮನ್ನೇ ಬೈದು, ಆಮೇಲೆ ತಾನೂ ಕಣ್ಣೊರೆಸಿಕೊಂಡಳು.

ಬರುವಾಗ ಅಕ್ಕನೂ ಅವ್ವನೂ ಹಿಂದೆ, ನಾನು ಮುಂದೆ. ಅಪ್ಪ ಆ ಸಂಜೆ ಓಡಿಸಿದ ಹಾಗೆ ಯಾರಾದರೂ ಕಾರು ಓಡಿಸಿದ್ದನ್ನು ಇವತ್ತಿನವರೆಗೆ ನಾನು ನೋಡಿಲ್ಲ. ಪ್ರತಿ ಗುಂಡಿಯ ಮುಂದೆ ನಿಂತು, ನೋಡಿ, ಒಂದೊಂದೇ ಚಕ್ರವನ್ನು ಇಳಿಸಿ ಏರಿಸಿ ದಾಟಿಸುತ್ತಿದ್ದ. ಸಂತೆ ಮುಗಿಸಿ ಹೊರಟ ಎತ್ತಿನ ಗಾಡಿಯೊಂದು ನಮ್ಮ ಹಿಂದೆಯೇ ಬಂದು, ಕಾದು ಸಾಕಾಗಿ, ಪಕ್ಕದಿಂದ ಮುಂದೆ ಹೋಯಿತು. ಗಾಡಿಯವನು ತಿರುಗಿ, ಕಾರು ಕೆಟ್ಟದಾ ಸಾ ಎಂದು ಕೇಳಿದ. ಇಲ್ಲಪ್ಪ, ನೀ ನಡಿ ಎಂದ ಅಪ್ಪ. ಹೊತ್ತು ಇಳಿಯುತ್ತಿತ್ತು. ಮಾದಪ್ಪನ ಬೆಟ್ಟಗಳ ಸಾಲು ನೀಲಿಯಾಗಿ, ಆಮೇಲೆ ಹೊಗೆಯ ಬಣ್ಣವಾಗಿ, ಎಲ್ಲಿ ಬೆಟ್ಟ ಮುಗಿದು ಎಲ್ಲಿ ಮೋಡ ಶುರು ಎಂದು ತಿಳಿಯದ ಹಾಗಾಯಿತು. ಹೊಲಗಳ ಮೇಲಿನಿಂದ ತಣ್ಣನೆಯ ಗಾಳಿ ಕಿಟಕಿಯೊಳಕ್ಕೆ ಬಂತು, ಜೊತೆಗೆ ಎಲ್ಲೋ ಯಾರೋ ಸುಡುತ್ತಿದ್ದ ತರಗಿನ ವಾಸನೆ. ನಾವು ಸಾಗುತ್ತಿದ್ದೇವೋ, ಊರುಗಳೇ ನಮ್ಮ ಕಡೆ ನಡೆದು ಬರುತ್ತಿವೆಯೋ ಹೇಳಲಾಗುತ್ತಿರಲಿಲ್ಲ. ಅಕ್ಕನ ಹೊಟ್ಟೆಯಲ್ಲಿ ಆಗ ಇದ್ದವಳು ಈಗ ಕೊಳ್ಳೇಗಾಲದಲ್ಲಿ ಟೀಚರು. ತನ್ನ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಇದೇ ರಸ್ತೆಯಲ್ಲಿ ಹೋಗುವಾಗ, ದೊಡ್ಡಮ್ಮ, ನಿನ್ನ ಕಾಲದ ಈ ಕಥೆ ಯಾಕೆ ಇಷ್ಟು ನಿಧಾನ ಎಂದು ನನ್ನ ವಯಸ್ಸು ಏರಿಸಿ ರೇಗಿಸುತ್ತಾಳೆ. ಚಿಕ್ಕಮ್ಮ ಕಣೇ ನಾನು, ದೊಡ್ಡಮ್ಮ ಅಲ್ಲ ಎಂದು ನಾನೂ ರೇಗುತ್ತೇನೆ.

ಸ್ವಲ್ಪ ಹೊತ್ತಾದ ಮೇಲೆ ಹಿಂದಿನ ಸೀಟಿನಲ್ಲಿ ಮಾತು ನಿಂತಿತು. ಅಕ್ಕನಿಗೆ ನಿದ್ದೆ ಬಂದಿರಬೇಕು ಎಂದು ತಿರುಗಿ ನೋಡಿದೆ. ಅಕ್ಕ ಎಚ್ಚರವಾಗಿದ್ದಳು, ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು. ನಿದ್ದೆ ಹೋಗಿದ್ದವಳು ಅವ್ವ. ಅಕ್ಕನ ಭುಜಕ್ಕೆ ತಲೆ ಒರಗಿಸಿ, ಒಂದು ಕೈ ಮಗಳ ಹೊಟ್ಟೆಯ ಮೇಲಿಟ್ಟು, ಬಾಯಿ ಸ್ವಲ್ಪ ತೆರೆದು, ಚಿಕ್ಕ ಹುಡುಗಿಯ ಹಾಗೆ ಮಲಗಿದ್ದಳು. ನಾನು ಅಪ್ಪನ ತೋಳು ಮುಟ್ಟಿ ತೋರಿಸಿದೆ. ಅವನು ಕನ್ನಡಿಯಲ್ಲಿ ನೋಡಿದ. ಆಮೇಲೆ ಇನ್ನೂ ನಿಧಾನ ಮಾಡಿದ.

ಕಾಮಗೆರೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು ದಾಟುತ್ತಿತ್ತು. ಅಜ್ಜಿ ಎರಡೂ ಬಾಗಿಲು ತೆರೆದು ಆರತಿ ತಟ್ಟೆ ಹಿಡಿದು ಬೀದಿಯಲ್ಲೇ ನಿಂತಿದ್ದಳು. ಕಾರು ನಿಂತ ಅಲುಗಾಟಕ್ಕೆ ಅವ್ವನಿಗೆ ಎಚ್ಚರವಾಯಿತು. ಗಾಬರಿಯಿಂದ ಮೊದಲು ಮಗಳ ಮುಖ ನೋಡಿದಳು, ಹೊಟ್ಟೆ ಸವರಿದಳು, ಆಮೇಲೆ ಕಿಟಕಿಯಾಚೆ ನಮ್ಮ ಮನೆಯನ್ನು ನೋಡಿದಳು.

"ಆಗ್ಲೇ ಬಂದ್ಬುಟ್ವಾ?" ಎಂದಳು. "ಇಷ್ಟ್ ಬೇಗ?"

ಅಪ್ಪ ಎಂಜಿನ್ ಆಫ್ ಮಾಡಿದ. ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಹಿಂತಿರುಗಿ ನೋಡಲಾರದೆ, ನಮ್ಮೆಲ್ಲರ ಎದುರಿಗೇ ಅಳುತ್ತ ಕೂತುಬಿಟ್ಟ.